ದೀಕ್ಷಾಸ್ನಾನದ ದಿನ ನಾವು ಕೊಟ್ಟ ಮಾತು

ನಮ್ಮದು ಉಡುಪಿ ಕಡೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಕ್ರೈಸ್ತರ ಬಳಗ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರಲ್ಲ, ಅವರಿಂದ ಬೆಳೆದು ಬಂದ ಸಭೆಗಳಲ್ಲಿ ಇದೂ ಒಂದು. 11 ವರ್ಷದಿಂದ ಇಲ್ಲಿ ಸಂಡೇ ಸ್ಕೂಲ್, ಅಂದರೆ ಮಕ್ಕಳ ಭಾನುವಾರದ ಬೈಬಲ್ ಕ್ಲಾಸು, ನೋಡಿಕೊಳ್ಳುತ್ತಿದ್ದೇನೆ.

ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವಾಗ ಮಾತು ಕೊಡುವುದು ಅಪ್ಪ ಅಮ್ಮ ಮಾತ್ರ ಅಲ್ಲ. ಈ ಮಗು ದೇವರ ಪ್ರೀತಿಯಲ್ಲಿ ಬೆಳೆಯಲು ನಾವೂ ಜೊತೆಗಿರುತ್ತೇವೆ ಎಂದು ಇಡೀ ಸಭೆ ಎದ್ದು ನಿಂತು ಹೇಳುತ್ತದೆ. ನಾನೂ ಎಷ್ಟೋ ಸಲ ಹೇಳಿದ್ದೆ.

ಆರು ವರ್ಷದ ಹಿಂದೆ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಬರುವುದನ್ನು ನಿಲ್ಲಿಸಿದ. ಟ್ಯೂಷನ್ ಇರಬೇಕು ಅಂದುಕೊಂಡೆವು. ನಾಲ್ಕು ತಿಂಗಳಾದ ಮೇಲೆ ಅವನ ಅಜ್ಜಿ ಚರ್ಚ್ ಅಂಗಳದಲ್ಲಿ ಸಿಕ್ಕಿ ಅತ್ತರು. ಅಪ್ಪನ ಕೆಲಸ ಹೋಗಿತ್ತು. ಹುಡುಗ ಭಾನುವಾರ ಕೇಟರಿಂಗ್‌ನವರ ಜೊತೆ ಪಾತ್ರೆ ತೊಳೆಯಲು ಹೋಗುತ್ತಿದ್ದ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಅವನ ಹೆಸರಿನ ಮುಂದೆ ಸಾಲಾಗಿ 16 ಗೈರುಹಾಜರಿ ಹಾಕಿದವಳು ನಾನೇ. ಒಮ್ಮೆಯೂ ಮನೆಗೆ ಹೋಗಿ ನೋಡಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲು ಬದಲಾಯಿಸಿದ್ದು ಹಾಜರಿ ಪುಸ್ತಕದ ಕೆಲಸವನ್ನು. ಮಗು ಎರಡು ಭಾನುವಾರ ಬರದಿದ್ದರೆ ಆ ವಾರವೇ ಮನೆಗೆ ಹೋಗುತ್ತೇವೆ. 'ಯಾಕೆ ಬರಲಿಲ್ಲ' ಎಂದು ಕೇಳುವುದಿಲ್ಲ, ಆ ಪ್ರಶ್ನೆಗೆ ಮನೆಯವರು ಮುದುಡಿಕೊಳ್ಳುತ್ತಾರೆ. ಸುಮ್ನೆ ಚಾ ಕುಡಿದು, ಮಾತಾಡಿ, ಪ್ರಾರ್ಥನೆ ಮಾಡಿ ಬರುತ್ತೇವೆ. ತೊಂದರೆ ಇದ್ದರೆ ಅದಾಗಿಯೇ ಹೊರಬರುತ್ತದೆ.

ಆಮೇಲೆ ಪ್ರತಿ ಮಗುವಿಗೂ ಮನೆಯವರಲ್ಲದ ಒಬ್ಬ ಹಿರಿಯರು ಎಂದು ಗೊತ್ತು ಮಾಡಿದೆವು. ಆಗ 38 ಮಕ್ಕಳಿದ್ದರು. ಮೊದಲ ಪಟ್ಟಿಯನ್ನು ಕಮಿಟಿಯವರೇ ಮಾಡಿದೆವು, ಅದು ನಡೆಯಲಿಲ್ಲ. ಮಕ್ಕಳು ಹ್ಞೂಂ, ಊಹ್ಞೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಎರಡನೇ ಸಲ ಮಕ್ಕಳನ್ನೇ ಕೇಳಿದೆವು. ಒಬ್ಬಳು ಚರ್ಚ್ ಗುಡಿಸುವ ಅಕ್ಕನ ಹೆಸರು ಹೇಳಿದಳು. ಪಾತ್ರೆ ತೊಳೆಯಲು ಹೋಗುತ್ತಿದ್ದ ಆ ಹುಡುಗ ನಿವೃತ್ತ ಬಸ್ ಡ್ರೈವರ್ ಒಬ್ಬರನ್ನು ಆರಿಸಿಕೊಂಡ. ಮಕ್ಕಳಿಗೆ ತಮ್ಮ ಮಾತು ಕೇಳುವವರು ಯಾರೆಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಿರಿಯರ ಕೆಲಸ ಇಷ್ಟೇ: ಹುಟ್ಟುಹಬ್ಬ ನೆನಪಿಡುವುದು, ಪರೀಕ್ಷೆಯ ಹಿಂದಿನ ದಿನ ಫೋನ್ ಮಾಡುವುದು, ಹೆಸರು ಹೇಳಿ ಪ್ರಾರ್ಥಿಸುವುದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಆ ಡ್ರೈವರ್ ಅಂಕಲ್ ದಿನಾ ಬೆಳಿಗ್ಗೆ ಅವನ ಮನೆ ಗೇಟಿನ ಹತ್ತಿರ ನಿಂತಿರುತ್ತಿದ್ದರು.

ಇದರ ಜೊತೆಗೇ ಕೆಲವು ನಿಯಮ ಮಾಡಿದೆವು. ಕ್ಲಾಸಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಯಾರೂ ಮಗುವನ್ನು ಒಂಟಿಯಾಗಿ ಗಾಡಿಯಲ್ಲಿ ಕರೆದೊಯ್ಯಬಾರದು. 'ನಮ್ಮ ಸಭೆಯಲ್ಲಿ ಅಂಥವರು ಯಾರಿದ್ದಾರೆ?' ಎಂದು ಕೆಲವು ಹಿರಿಯರು ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಯಿತು. ಆದರೂ ನಾನು ಬಗ್ಗಲಿಲ್ಲ. ಯಾರ ಮೇಲೋ ಅನುಮಾನ ಪಟ್ಟು ಮಾಡಿದ ನಿಯಮ ಅಲ್ಲ ಅದು, ಮಗು ಹೆದರದೆ ಬರಲಿ ಎಂದು ಮಾಡಿದ್ದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಸಭೆಯೊಳಗೇ ಮಾತಾಡಿ ಮುಗಿಸುವ ಹಾಗಿಲ್ಲ. ಇದನ್ನು ವಕೀಲರೊಬ್ಬರಿಂದ ಎಲ್ಲರಿಗೂ ಹೇಳಿಸಿದೆವು. ಮಕ್ಕಳ ಸಹಾಯವಾಣಿ 1098 ಈಗ ಸಂಡೇ ಸ್ಕೂಲ್ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ, ದೊಡ್ಡದಾಗಿ ಬರೆದಿದೆ.

ಇನ್ನು ದೃಢೀಕರಣ ಆದ, ಅಂದರೆ ಬೆಳೆದ ಮೇಲೆ ತಾವೇ ಎದ್ದು ನಿಂತು ತಮ್ಮ ವಿಶ್ವಾಸ ಒಪ್ಪಿಕೊಂಡ, ಹುಡುಗ ಹುಡುಗಿಯರ ವಿಷಯ. ಮೊದಲ ಪ್ರಭು ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡ ಮೇಲೆ ಅವರಲ್ಲಿ ಎಷ್ಟೋ ಜನ ಕಾಣೆಯಾಗುತ್ತಿದ್ದರು. ಕ್ಲಾಸು ಮುಗಿಯಿತು, ಇನ್ನೇನು ಕೆಲಸ ಅವರಿಗೆ ಅಲ್ವಾ? ಈಗ ದೃಢೀಕರಣದ ಮರುವಾರವೇ ಒಂದೊಂದು ಜವಾಬ್ದಾರಿ ಕೊಡುತ್ತೇವೆ. ಮೈಕ್ ನೋಡಿಕೊಳ್ಳುವುದು, ಬೈಬಲ್ ಪಾಠ ಓದುವುದು, ಬೇಸಿಗೆ ರಜೆಯ ಮಕ್ಕಳ ಬೈಬಲ್ ಶಾಲೆ ವಿ.ಬಿ.ಎಸ್.ನಲ್ಲಿ ಪುಟ್ಟ ಮಕ್ಕಳಿಗೆ ಹಾಡು ಕಲಿಸುವುದು. ತಪ್ಪು ಮಾಡುತ್ತಾರೆ, ಮಾಡಲಿ. ಕಳೆದ ಬೇಸಿಗೆಯಲ್ಲಿ ಹಾಡು ಮರೆತು ನಿಂತ ಹುಡುಗಿಗೆ ಯುಕೆಜಿ ಮಕ್ಕಳೇ ಮುಂದಿನ ಸಾಲು ಹೇಳಿಕೊಟ್ಟರು.

ಹಾಸ್ಟೆಲ್ ಸೇರಿದವರನ್ನು ಹಿಡಿದಿಟ್ಟುಕೊಳ್ಳುವುದು ನಮಗೆ ಇನ್ನೂ ಸರಿಯಾಗಿ ಬಂದಿಲ್ಲ. ಬೆಂಗಳೂರಿಗೆ ಹೋದವರಿಗೆ ಹತ್ತಿರದ ಕನ್ನಡ ಸಭೆಯ ವಿಳಾಸ ಕೊಡುತ್ತೇವೆ, ಅಲ್ಲಿನ ಸಭಾಪಾಲಕರಿಗೆ (ಪಾದ್ರಿಗಳಿಗೆ) ಫೋನ್ ಮಾಡುತ್ತೇವೆ. ಕೆಲವರು ಹೋಗುತ್ತಾರೆ, ಕೆಲವರು ಹೋಗುವುದಿಲ್ಲ.

ಆ ಹುಡುಗ ಐಟಿಐ ಮುಗಿಸಿ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎಲ್ಲ ಭಾನುವಾರ ಅವನಿಗೆ ಬರಲಾಗುವುದಿಲ್ಲ. ಬರದ ದಿನ ಮಧ್ಯಾಹ್ನ ಡ್ರೈವರ್ ಅಂಕಲ್ ಅವನಿಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಾರೆ.