ಕುವೆಂಪುನಗರದ ಮನೆ ಮಾರಿದ ಒಂಬತ್ತು ತಿಂಗಳು

ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ್ದ ಮನೆಯನ್ನು ನಾವು 2025ರ ಫೆಬ್ರವರಿಯಲ್ಲಿ ಮಾರಿದೆವು. ಗೇಟಿಗೆ ಬೋರ್ಡು ಕಟ್ಟಿದ್ದು 2024ರ ಮೇ ತಿಂಗಳಲ್ಲಿ. ಈ ಒಂಬತ್ತು ತಿಂಗಳಲ್ಲಿ ಸುಮಾರು ಐದು ತಿಂಗಳು ಒಂದೇ ಒಂದು ಹಳೆಯ ಕಾಗದಕ್ಕೆ ಹೋಯಿತು. ಅಪ್ಪ-ಅಮ್ಮನ ಮನೆ ಮಾರಲು ಹೊರಟಿರುವವರು ಇದನ್ನು ಮೊದಲೇ ತಿಳಿದುಕೊಂಡರೆ ಅಷ್ಟು ಅಲೆದಾಟ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು-ನಲವತ್ತರ ಸೈಟು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹುಟ್ಟುವ ಮೊದಲು ಸೈಟು ಹಂಚುತ್ತಿದ್ದ ಸಿಐಟಿಬಿ ಕಾಲದಲ್ಲಿ ಅಪ್ಪನಿಗೆ ಮಂಜೂರಾಗಿದ್ದು. 1989ರಲ್ಲಿ ಮನೆ ಕಟ್ಟಿಸಿದರು. ಅವರು ಹೋದ ಮೇಲೆ ಅಮ್ಮ ಹುಬ್ಬಳ್ಳಿಯಲ್ಲಿ ಅಕ್ಕನ ಹತ್ತಿರ ಇದ್ದಾರೆ. ಮನೆಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಅಪ್ಪ ವಿಲ್ ಬರೆದಿರಲಿಲ್ಲ. ಹಾಗಾಗಿ ಅಮ್ಮ, ಅಕ್ಕ, ನಾನು ಮೂವರಿಗೂ ಸಮಪಾಲು, ಮೂವರ ಸಹಿಯೂ ಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಖಾತೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ಇಷ್ಟಾದರೆ ಸಾಕು ಅಂದುಕೊಂಡು ಬೋರ್ಡು ಕಟ್ಟಿದೆ.

ಇಸಿಯನ್ನೂ, ಅಂದರೆ ಆಸ್ತಿಯ ಮೇಲೆ ಸಾಲ, ಮಾರಾಟ ಏನೇನು ನೋಂದಣಿಯಾಗಿದೆ ಅಂತ ತೋರಿಸುವ ಋಣಭಾರ ಪ್ರಮಾಣಪತ್ರವನ್ನೂ, ತೆಗೆಸಿದ್ದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಿದೆ, ನಮೂನೆ 16 ಬಂತು. ಅಂದರೆ ಆ ಅವಧಿಯಲ್ಲಿ ಆಸ್ತಿಯ ಮೇಲೆ ಯಾವ ವಹಿವಾಟೂ ಇಲ್ಲ ಅಂತ. ನೆಮ್ಮದಿಯಾಯಿತು. ಆದರೆ ಆಗ ಆನ್‌ಲೈನ್‌ನಲ್ಲಿ ಸಿಗುತ್ತಿದ್ದುದು 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ, ಹಳೇ ಪುಸ್ತಕಗಳಿಂದ ಹುಡುಕಿಸಿ ಬರೆಸಿಕೊಳ್ಳಬೇಕಿತ್ತು. ಅದನ್ನು ನಾನು ಮಾಡಿರಲಿಲ್ಲ.

ಜೂನ್‌ನಲ್ಲಿ ಒಂದು ಒಳ್ಳೆಯ ಕುಟುಂಬ ಬಂತು. ಮಾತುಕತೆ ಮುಗಿದು, ಅವರು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದರು. ಬ್ಯಾಂಕಿನ ವಕೀಲರು ಮೂವತ್ತು ವರ್ಷಕ್ಕೂ ಹಿಂದಿನಿಂದ ಇಸಿ ಕೇಳಿದರು. ತೆಗೆಸಿದರೆ ಅದರಲ್ಲಿ 1989ರ ಒಂದು ಅಡಮಾನ ಪತ್ರ! ಮನೆ ಕಟ್ಟಲು ಅಪ್ಪ ಒಂದು ಸಹಕಾರ ಸಂಘದಿಂದ ಸಾಲ ತೆಗೆದಿದ್ದರು. 1999ರಲ್ಲೇ ಪೂರ್ತಿ ತೀರಿಸಿದ್ದರು, ಅದು ನಮಗೆಲ್ಲ ಗೊತ್ತು. ಆದರೆ ಅಡಮಾನವನ್ನು ನೋಂದಣಿ ಮಾಡಿಸಿದ್ದರು, ಬಿಡುಗಡೆ ಪತ್ರವನ್ನು ಮಾಡಿಸಿರಲಿಲ್ಲ. ಕಾಗದದ ಲೆಕ್ಕದಲ್ಲಿ ಮನೆ ಇನ್ನೂ ಅಡ ಇತ್ತು.

ಸಂಘದವರ ಹಳೇ ಲೆಡ್ಜರ್ ಹುಡುಕಿಸಿ, ಸಾಲ ತೀರಿದ್ದನ್ನು ತೋರಿಸಿ, ಅವರ ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿಸಿ, ಬಿಡುಗಡೆ ಪತ್ರ ನೋಂದಣಿ ಆಗುವಷ್ಟರಲ್ಲಿ ನವೆಂಬರ್ ಬಂತು. ಆ ಕುಟುಂಬ ಅಷ್ಟು ದಿನ ಕಾಯಲಿಲ್ಲ. ಅವರದೇನೂ ತಪ್ಪಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಅಪ್ಪ ಟ್ರಂಕಿನಲ್ಲಿ ಇಟ್ಟಿದ್ದ ಕಂತಿನ ರಶೀದಿಗಳು. ಅಟ್ಟ ಖಾಲಿ ಮಾಡುವಾಗ ಅದನ್ನು ರದ್ದಿಗೆ ಹಾಕಲು ಹೊರಟಿದ್ದೆ. ಅಮ್ಮ ಫೋನಿನಲ್ಲಿ, "ಅಪ್ಪನ ಕೈಬರಹ ಇರೋ ಯಾವುದನ್ನೂ ಬಿಸಾಡಬೇಡ" ಅಂದಿದ್ದಕ್ಕೆ ಉಳಿಯಿತು. ಮನೆ ಮಾರುವ ತನಕ ಒಂದು ಚೀಟಿಯನ್ನೂ ಎಸೆಯಬೇಡಿ.

ಇದರ ಮಧ್ಯೆ ಜುಲೈ 23ರಂದು ಕೇಂದ್ರ ಬಜೆಟ್ ಬಂತು. ಆಸ್ತಿ ಮಾರಾಟದ ಲಾಭದ ಮೇಲಿನ ತೆರಿಗೆ ಶೇ 20ರಿಂದ 12.5ಕ್ಕೆ ಇಳಿಯಿತು, ಆದರೆ ಹಣದುಬ್ಬರದ ಲೆಕ್ಕ ಹಾಕಿಕೊಳ್ಳುವ ಇಂಡೆಕ್ಸೇಶನ್ ಹೋಯಿತು. ಅವತ್ತು ರಾತ್ರಿಯಿಂದ ನನ್ನ ವಾಟ್ಸಾಪ್ ಒಂದೇ ಸಮ ಬಡಿದುಕೊಂಡಿತು. ಒಬ್ಬರು ಈಗಲೇ ಮಾರಿಬಿಡು ಅಂದರು, ಇನ್ನೊಬ್ಬರು ಮಾರಲೇಬೇಡ ಅಂದರು. ಬ್ರೋಕರ್‌ಗಳು ಒಬ್ಬೊಬ್ಬರು ಒಂದೊಂದು ರೇಟು ಹೇಳುತ್ತಿದ್ದರು. ರಾತ್ರಿ ಒಂದು ಗಂಟೆ ತನಕ ವಿಡಿಯೋ ನೋಡುತ್ತಾ ಕೂತಿರುತ್ತಿದ್ದೆ. ಎಷ್ಟು ನೋಡಿದರೂ ಬೆಳಿಗ್ಗೆ ಏನು ಮಾಡಬೇಕು ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. ಕುತ್ತಿಗೆ, ಭುಜ ಹಿಡಿದುಕೊಂಡು ನಿದ್ದೆಯೂ ಕೆಟ್ಟಿತು.

ಆಗಸ್ಟ್ ಮೊದಲ ವಾರದಲ್ಲಿ ಸರ್ಕಾರವೇ ತಿದ್ದುಪಡಿ ತಂದಿತು. 2024ರ ಜುಲೈ 23ಕ್ಕೆ ಮೊದಲು ಪಡೆದ ಜಾಗ, ಮನೆ ಆದರೆ, ದೇಶದಲ್ಲಿ ವಾಸವಿರುವವರು ಹಳೇ ಲೆಕ್ಕ, ಹೊಸ ಲೆಕ್ಕ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ತೆರಿಗೆ ಕಟ್ಟಿದರೆ ಆಯಿತು ಅಂತ. ಎರಡು ವಾರ ತಲೆ ಕೆಡಿಸಿಕೊಂಡಿದ್ದೆಲ್ಲ ವ್ಯರ್ಥವಾಗಿತ್ತು.

ಅವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ನನಗೇ ಕೆಲವು ನಿಯಮ ಹಾಕಿಕೊಂಡೆ. ಕಾಗದದ ವಿಷಯ ನಮ್ಮ ವಕೀಲರನ್ನು ಮಾತ್ರ ಕೇಳುವುದು, ತೆರಿಗೆಯ ವಿಷಯ ಆಡಿಟರ್‌ರನ್ನು ಮಾತ್ರ, ರೇಟಿನ ವಿಷಯ ಅಮ್ಮ, ಅಕ್ಕ, ನಾನು ಮೂವರೇ ಕೂತು ಮಾತಾಡುವುದು. ಬೇರೆ ಯಾರು ಏನು ಹೇಳಿದರೂ ಪ್ರಶ್ನೆಯ ರೂಪದಲ್ಲಿ ಬರೆದಿಟ್ಟುಕೊಂಡು, ಶನಿವಾರ ಇವರ ಹತ್ತಿರ ಕೇಳುವುದು. ಬ್ರೋಕರ್ ಒಬ್ಬರನ್ನೇ ಉಳಿಸಿಕೊಂಡೆ. ನಾಲ್ಕು ಜನರಿಗೆ ಕೊಟ್ಟಿದ್ದರಿಂದ ಒಂದೇ ಮನೆ ನಾಲ್ಕು ರೇಟಿನಲ್ಲಿ ಓಡಾಡುತ್ತಿತ್ತು. ಅದನ್ನು ನೋಡಿದವರಿಗೆ ಅನುಮಾನ ಬರದೆ ಇರುತ್ತದೆಯೇ? ಫೋನಿಗೆ ಸಂಜೆ ಆರರಿಂದ ಏಳು. ಮನೆ ತೋರಿಸುವುದು ಭಾನುವಾರ ಬೆಳಿಗ್ಗೆ ಮಾತ್ರ. ಮಲಗುವ ಮೊದಲು ಫೋನ್ ಹಾಲ್‌ನಲ್ಲಿಟ್ಟು, ಗೋಡೆಗೆ ಒರಗಿ ಹತ್ತು ನಿಮಿಷ ಭುಜ, ಕುತ್ತಿಗೆ ನಿಧಾನವಾಗಿ ಚಾಚುತ್ತಿದ್ದೆ. ಕ್ರಮೇಣ ನಿದ್ದೆ ಸರಿಹೋಯಿತು.

ರೇಟಿಗೆ ನಾವು ನೋಡಿದ್ದು ಎರಡೇ: ನೋಂದಣಿಗೆ ಸರ್ಕಾರ ನಿಗದಿ ಮಾಡಿರುವ ಮಾರ್ಗಸೂಚಿ ದರ, ಮತ್ತು ನಮ್ಮ ರಸ್ತೆಯಲ್ಲಿ ಇತ್ತೀಚೆಗೆ ಮಾರಿದ ಇಬ್ಬರಿಗೆ ನಿಜವಾಗಿ ಬಂದ ಹಣ. ಮೂವತ್ತೈದು ವರ್ಷದ ಮನೆಗೆ ಜನ ಹೆಚ್ಚಾಗಿ ಕೊಡುವುದು ಜಾಗದ ಬೆಲೆಯನ್ನೇ. ಹಾಗಾಗಿ ದುಬಾರಿ ರಿಪೇರಿಗೆ ಕೈ ಹಾಕಲಿಲ್ಲ. ಕೆಂಪು ನೆಲವನ್ನು ಚೆನ್ನಾಗಿ ಉಜ್ಜಿಸಿ, ಬಣ್ಣ ಹೊಡೆಸಿದೆವು, ಎಲ್ಲ ಬಲ್ಬು ಬದಲಾಯಿಸಿದೆವು. ತಾರಸಿ ಸೋರಿ ಹಿಂದಿನ ಕೋಣೆಯಲ್ಲಿ ಆಗಿದ್ದ ಕಲೆಗೆ ಮಾತ್ರ ಬಣ್ಣ ಬಳಿಯಲಿಲ್ಲ. ಬಂದವರಿಗೆಲ್ಲ ತೋರಿಸಿ ಹೇಳಿದೆ. ಕೊನೆಗೆ ಕೊಂಡವರು, "ಸೋರುತ್ತೆ ಅಂತ ನೀವೇ ಹೇಳಿದ್ರಿ, ಅದಕ್ಕೇ ಉಳಿದದ್ದನ್ನೂ ನಂಬಿದ್ವಿ" ಅಂದರು.

ಅವರು ಬಂದದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಇ-ಖಾತಾ, ಎರಡೂ ಇಸಿ, ಬಿಡುಗಡೆ ಪತ್ರ, ತೆರಿಗೆ ರಶೀದಿ ಎಲ್ಲ ಒಂದೇ ಫೈಲಿನಲ್ಲಿದ್ದವು. ಫೈಲು ಕೊಟ್ಟೆ, ಅವರ ಬ್ಯಾಂಕಿನವರು ಬೇಗನೆ ಒಪ್ಪಿದರು. ಮುಂಗಡವನ್ನು ಬ್ಯಾಂಕ್ ಮೂಲಕವೇ ತೆಗೆದುಕೊಂಡೆವು. ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಇನ್ನೊಂದು ತೊಡಕು ಕೊನೆ ಗಳಿಗೆಯಲ್ಲಿ ಸಿಕ್ಕಿತು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಹಣ ಕೊಡುವಾಗಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿದು, ಮಾರುವವರ ಒಬ್ಬೊಬ್ಬರ ಪ್ಯಾನ್‌ಗೂ ಬೇರೆ ಬೇರೆಯಾಗಿ ಕಟ್ಟಬೇಕು. ಅಮ್ಮನ ಪ್ಯಾನ್ ಆಧಾರ್‌ಗೆ ಜೋಡಣೆ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಅಮ್ಮನ ಪಾಲಿಗೆ ಶೇ 20 ಹಿಡಿಯಬೇಕಾಗುತ್ತಿತ್ತು! ಆಡಿಟರ್ ನೋಡಿ ಹೇಳಿದರು. ಸಾವಿರ ರೂಪಾಯಿ ಕಟ್ಟಿ ಜೋಡಿಸಿದೆವು, ಅದು ಚಾಲ್ತಿಗೆ ಬರುವ ತನಕ ನೋಂದಣಿ ಮುಂದೂಡಿದೆವು. ಮನೆಯಲ್ಲಿ ವಯಸ್ಸಾದವರು ಇದ್ದರೆ ಇದನ್ನು ಇವತ್ತೇ ನೋಡಿ.

ಲಾಭದ ಲೆಕ್ಕಕ್ಕೆ, ಮನೆ 2001ರ ಏಪ್ರಿಲ್ 1ಕ್ಕೂ ಹಿಂದಿನದಾದ್ದರಿಂದ, ಆ ದಿನ ಅದರ ಬೆಲೆ ಎಷ್ಟಿತ್ತು ಅಂತ ನೋಂದಾಯಿತ ಮೌಲ್ಯಮಾಪಕರಿಂದ ವರದಿ ತೆಗೆಸಿದೆವು. ನಮಗೆ ಹಳೇ ಲೆಕ್ಕವೇ ಲಾಭವಾಯಿತು. ಅಕ್ಕ ತನ್ನ ಪಾಲಿನ ಲಾಭವನ್ನು ಹುಬ್ಬಳ್ಳಿಯಲ್ಲಿ ಕೊಳ್ಳುವ ಮನೆಗೆ ಹಾಕುತ್ತಿದ್ದಾಳೆ. ಮಾರಿದ ಎರಡು ವರ್ಷದೊಳಗೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಹಾಕಿದಷ್ಟಕ್ಕೆ ತೆರಿಗೆ ವಿನಾಯಿತಿ ಇದೆ.

ನೋಂದಣಿ ದಿನ ಅಮ್ಮ ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ಬಂದು ಬೆರಳಚ್ಚು ಕೊಟ್ಟರು. ಕೀ ಕೊಡುವಾಗ ಅವರೇ ಹೇಳಿ ನನ್ನಿಂದ ಒಂದು ಪುಟ ಬರೆಸಿದರು: ಕಾರ್ಪೊರೇಷನ್ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸಂಪಿನ ವಾಲ್ವ್ ಯಾವ ಕಡೆ ತಿರುಗಿಸಬೇಕು, ಮೋಟಾರಿನ ಸ್ವಿಚ್ಚು ಯಾವುದು, ಹಿತ್ತಲ ಕರಿಬೇವಿಗೆ ಮಜ್ಜಿಗೆ ಹಾಕುವುದು ಯಾವಾಗ. ಏಪ್ರಿಲ್‌ನಲ್ಲಿ ಆ ಮನೆಯವರು ಫೋನ್ ಮಾಡಿದ್ದರು. ತಾರಸಿ ರಿಪೇರಿ ಆಯಿತಂತೆ. ಕರಿಬೇವು ಚಿಗುರಿದೆಯಂತೆ.