ಗುಳೆ ಹೋದ ಗೆಳೆಯನಿಗೊಂದು ನೋಟ್‌ಬುಕ್

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದೀಪಾವಳಿ ಮುಗಿದು ಹೊಲದ ಕೆಲಸ ಕಡಿಮೆಯಾಯಿತೆಂದರೆ ನಮ್ಮ ಕಡೆ ಗುಳೆ ಶುರು. ಬೆಂಗಳೂರು, ಪುಣೆ, ಮುಂಬೈಗೆ ಜನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ನೋಡಿಕೊಳ್ಳಲು ಅಜ್ಜ ಅಜ್ಜಿ ಇರುವ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಉಳಿದವರು ಅಪ್ಪ ಅಮ್ಮನ ಜೊತೆ ಹೋಗುತ್ತಾರೆ.

ಯುಗಾದಿ ಹೊತ್ತಿಗೆ ಆ ಮಕ್ಕಳು ತಿರುಗಿ ಬರುವಾಗ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಗೆಳೆಯರು ಬೇರೆ ಗುಂಪು ಕಟ್ಟಿಕೊಂಡಿರುತ್ತಾರೆ. ಮಗು ಹಿಂದಿನ ಸಾಲಿನಲ್ಲಿ ಕೂರುತ್ತದೆ, ನಾಲ್ಕು ದಿನ ಬರುತ್ತದೆ, ಆಮೇಲೆ ಬರುವುದಿಲ್ಲ. ಲೆಕ್ಕ ಬರದೆ ಶಾಲೆ ಬಿಡುವವರಿಗಿಂತ, ಇಲ್ಲಿ ನನ್ನ ದಾರಿ ಯಾರೂ ಕಾಯುತ್ತಿಲ್ಲ ಅನ್ನಿಸಿ ಬಿಡುವವರೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಟೀಚರ್‌ಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡುವ ವಿದ್ಯಾಗಮ ನಡೆಯುತ್ತಿದ್ದಾಗ ಗುಡಿಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದೆವು. ದೊಡ್ಡ ಮಕ್ಕಳು ಯಾರೂ ಹೇಳದೆ ಸಣ್ಣವರನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸುತ್ತಿದ್ದರು. ಶಾಲೆ ಮತ್ತೆ ತೆರೆದ ಮೇಲೂ ಆ ಅಂತಃಕರಣಕ್ಕೆ ಒಂದು ಕೆಲಸ ಕೊಡಬೇಕು ಅಂದುಕೊಂಡೆ. ಹೀಗೆ ಶುರುವಾಯಿತು ನಮ್ಮ ಜೋಡಿ ನೋಟ್‌ಬುಕ್.

ಗುಳೆ ಹೋಗುವ ಪ್ರತಿ ಮಗುವಿಗೂ ಊರಲ್ಲಿ ಉಳಿಯುವ ಒಬ್ಬ ಜೋಡಿ. ಯಾರಿಗೆ ಯಾರು ಅಂತ ಚೀಟಿ ಎತ್ತುತ್ತೇವೆ. ಇದಕ್ಕೆ ಕಾರಣವಿದೆ. ನಮ್ಮೂರಲ್ಲಿ ಓಣಿ ಹೇಳಿದರೆ ಜಾತಿ ಗೊತ್ತಾಗುತ್ತದೆ. ಮಕ್ಕಳಿಗೇ ಆರಿಸಿಕೊಳ್ಳಿ ಅಂದರೆ ಒಂದು ಓಣಿಯವರು ಇನ್ನೊಂದು ಓಣಿಗೆ ಹೋಗುವುದೇ ಇಲ್ಲ. ಚೀಟಿ ಬದಲಿಸಿ ಕೊಡಿ ಅಂತ ಕೆಲವರು ಕೇಳುತ್ತಾರೆ. ನಾನು ಬದಲಿಸುವುದಿಲ್ಲ.

ಊರಲ್ಲಿ ಉಳಿದ ಜೋಡಿ ದಿನಾ ಎರಡು ಮೂರು ಸಾಲು ಬರೆದಿಡಬೇಕು, ಅಷ್ಟೇ. ಇಡೀ ನೋಟ್ಸ್ ಇಳಿಸುವ ಶಿಕ್ಷೆ ಬೇಡ. ಆರನೇ ತರಗತಿಯ ಹುಡುಗಿ ಬರೆದದ್ದು ನೋಡಿ: "ಇವತ್ತು ಭಿನ್ನರಾಶಿ ಕೂಡಿಸೋದು ಶುರು ಆಯ್ತು. ಛೇದ ಬ್ಯಾರೆ ಇದ್ದರ ಮೊದಲು ಸಮ ಮಾಡಬೇಕು. ನಿಮ್ಮ ಆಡು ಎರಡು ಮರಿ ಹಾಕ್ಯಾದ." ಆ ಮೂರನೇ ಸಾಲು ನಾನು ಹೇಳಿಕೊಟ್ಟದ್ದಲ್ಲ. ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ನನ್ನ ಫೋನಿನಿಂದ ಇವನ್ನೇ ಓದಿ ಹೇಳುತ್ತಾರೆ. ಆ ಕಡೆಯಿಂದ ಮೊದಲು ಬರುವ ಪ್ರಶ್ನೆ ಆಡಿನದೇ.

"ನಮ್ಮ ಹುಡುಗಿ ಮಂದಿ ಸಲುವಾಗಿ ಯಾಕ ಬರೀಬೇಕ್ರಿ ಟೀಚರ್?" ಅಂತ ಒಬ್ಬ ತಾಯಿ ಬಂದು ಕೇಳಿದರು. "ಬರೆದದ್ದು ಆಕಿಗೇ ನೆನಪು ಉಳೀತದ್ರಿ" ಅಂದೆ. ಅದು ನಿಜವೂ ಹೌದು. ಇನ್ನೊಬ್ಬರಿಗೆ ತಿಳಿಯುವ ಹಾಗೆ ಬರೆಯಲು ಮೊದಲು ತನಗೆ ತಿಳಿಯಬೇಕಲ್ವಾ?

ಇದಕ್ಕೆ ಬಹುಮಾನ ಇಲ್ಲ. ಪ್ರಾರ್ಥನೆ ಹೊತ್ತಿನಲ್ಲಿ ಹೆಸರು ಕರೆದು ಚಪ್ಪಾಳೆಯೂ ಇಲ್ಲ. ಇವನಿಗೆ ಇವಳು ಪೆನ್ಸಿಲ್ ಕೊಟ್ಟಳು ಅಂತ ಎಲ್ಲರೆದುರು ಹೇಳಿದರೆ, ಅವನ ಹತ್ತಿರ ಪೆನ್ಸಿಲ್ ಇರಲಿಲ್ಲ ಅಂತಲೂ ಹೇಳಿದ ಹಾಗೆ. ಅದಕ್ಕೇ ಕಿಟಕಿಯಲ್ಲಿ ಒಂದು ಬಿಸ್ಕೆಟ್ ಡಬ್ಬಿ ಇಟ್ಟಿದ್ದೇವೆ. ಇದ್ದವರು ಹಾಕುತ್ತಾರೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಯಾರೂ ಕೇಳುವುದಿಲ್ಲ. ಡಬ್ಬಿ ಖಾಲಿಯಾದರೆ ಸುಮ್ನೆ ನಾನೇ ನಾಲ್ಕು ಪೆನ್ಸಿಲ್ ಹಾಕುತ್ತೇನೆ.

ಸಹಾಯ ಪಡೆದ ಮಗುವಿಗೆ ತಿರುಗಿ ಕೊಡಲು ಏನಾದರೂ ಸಿಗಲೇಬೇಕು. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಬರೀ ಪಡೆದುಕೊಳ್ಳುವ ಮಗು ಕುಗ್ಗುತ್ತದೆ. ಬೆಂಗಳೂರಿನಿಂದ ಬಂದ ಒಬ್ಬ ಹುಡುಗ ವಾರಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಅನುಪಾತದ ಪಾಠ ನಡೆದಿತ್ತು. ಇಟ್ಟಿಗೆ ಗೋಡೆ ಕಟ್ಟಲು ಏನೇನು ಎಷ್ಟೆಷ್ಟು ಕಲಸುತ್ತಾರೆ ಅಂತ ಅವನನ್ನೇ ಕೇಳಿದೆ. "ಒಂದು ಬುಟ್ಟಿ ಸಿಮೆಂಟಿಗೆ ಆರು ಬುಟ್ಟಿ ಉಸುಕು ಟೀಚರ್" ಅಂದ. ಹಾಗಾದರೆ ನಾಲ್ಕು ಬುಟ್ಟಿ ಸಿಮೆಂಟಿಗೆ? "ಇಪ್ಪತ್ನಾಕು." ಎದ್ದು ಬಂದು ಬೋರ್ಡಿನ ಮೇಲೆ 1:6 ಅಂತ ಬರೆದ. ಉಸುಕು ಜಾಸ್ತಿ ಆದರೆ ಗೋಡೆ ಹೇಗೆ ಉದುರುತ್ತದೆ ಅಂತಲೂ ಹೇಳಿದ. ಅಪ್ಪನ ಕೆಲಸದ ಜಾಗದಲ್ಲಿ ನೋಡಿದ್ದು. ಅವನ ನೋಟ್‌ಬುಕ್ ಬರೆದಿದ್ದ ಹುಡುಗಿಗೆ ಅನುಪಾತ ತಲೆಗೆ ಹೋಗಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಕೂತು ಹೇಳಿಕೊಟ್ಟವನು ಅವನೇ. ಮರುದಿನ ಎರಡನೇ ಸಾಲಿಗೆ ಬಂದು ಕೂತ.

ಎಲ್ಲರೂ ತಿರುಗಿ ಬರುವುದಿಲ್ಲ. ಕೆಲವರು ಅಲ್ಲೇ ಉಳಿದುಬಿಡುತ್ತಾರೆ. ದಿನಾ ಬರೆದ ಮಗುವಿಗೆ ಆಗ ಬಹಳ ಬೇಜಾರಾಗುತ್ತದೆ, ಅಳುವುದೂ ಉಂಟು. ಅದನ್ನು ಮುಚ್ಚಿಡದೆ ತರಗತಿಯಲ್ಲೇ ಕೂತು ಮಾತಾಡುತ್ತೇವೆ. ಹೋದ ಮಗು ಅಲ್ಲಿನ ಶಾಲೆಗೆ ಸೇರಿತಾ ಅಂತ ಫೋನ್ ಮಾಡಿ ವಿಚಾರಿಸುತ್ತೇವೆ. ಸೇರಿದ್ದರೆ ನೋಟ್‌ಬುಕ್ಕನ್ನು ಬೆಂಗಳೂರಿಗೆ ಹೊರಟ ಊರವರ ಕೈಯಲ್ಲಿ ಕಳಿಸುತ್ತೇವೆ.

ಗುಳೆ ಇರುವ ಊರುಗಳ ಟೀಚರ್‌ಗಳಿಗೆ ಒಂದು ಮಾತು. ಚೀಟಿ ಎತ್ತುವುದನ್ನು ದೀಪಾವಳಿಗೆ ಮೊದಲೇ ಮುಗಿಸಿ, ಜೋಡಿಗಳು ಕೆಲವು ದಿನ ಒಟ್ಟಿಗೆ ಕೂರಲಿ. ಅಪ್ಪ ಅಮ್ಮನ ನಂಬರ್ ಜೊತೆಗೆ ಅವರನ್ನು ಕರೆದುಕೊಂಡು ಹೋಗುವ ಮೇಸ್ತ್ರಿಯ ನಂಬರನ್ನೂ ಬರೆದುಕೊಳ್ಳಿ. ರೀಚಾರ್ಜ್ ಮುಗಿದು ಮನೆಯವರ ಫೋನ್ ಬಂದ್ ಆದರೂ ಮೇಸ್ತ್ರಿಯ ಫೋನ್ ಚಾಲೂ ಇರುತ್ತದೆ.