ವಾಷಿಂಗ್ ಮಷೀನಿನಲ್ಲಿ ನೀರು ಕಾಯುತ್ತಿಲ್ಲವೇ? ಬೋರ್ಡು ಬದಲಿಸುವ ಮುಂಚೆ ಪ್ಲಗ್ ನೋಡಿ

ಅನುಮಾನ ಬಂದದ್ದು ದಿಂಬಿನ ಕವರಿನಿಂದ. ಡಿಸೆಂಬರ್ ತಿಂಗಳು. 60 ಡಿಗ್ರಿ ಕಾಟನ್ ಪ್ರೋಗ್ರಾಮಿನಲ್ಲಿ ಒಗೆದು ತೆಗೆದರೂ ಕವರು ಇನ್ನೂ ಜಿಡ್ಡು ಜಿಡ್ಡು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಚಳಿಯಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು ಬೆಳಿಗ್ಗೆ ಅದಕ್ಕಿಂತ ತಣ್ಣಗೇ ಇರುತ್ತದೆ. ಎಣ್ಣೆ ಕರಗಿಲ್ಲ ಅಂದರೆ ನೀರು ಕಾದಿಲ್ಲ. ರಿಪೇರಿಗೆ ಬಂದವರು ಒಂದು ಸ್ಕ್ರೂ ಕೂಡ ಬಿಚ್ಚದೆ ‘ಬೋರ್ಡ್ ಹೋಗಿದೆ ಸಾರ್’ (ಬೋರ್ಡ್ ಅಂದರೆ ಮಷೀನನ್ನು ನಡೆಸುವ ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟು) ಎಂದು ಎಂಟು ಸಾವಿರದ ಅಂದಾಜು ಹೇಳಿ ಹೊರಟರು. ಕೊನೆಗೆ ನೋಡಿದರೆ ಸುಟ್ಟಿದ್ದದ್ದು ಹೀಟರಿನ ತಂತಿಯ ತುದಿಯ ಹಿತ್ತಾಳೆ ಕ್ಲಿಪ್ಪು. ಹತ್ತು ರೂಪಾಯಿಯೂ ಇಲ್ಲ ಅದಕ್ಕೆ.

ಬೋರ್ಡು ಹೋಗುವುದೇ ಇಲ್ಲ ಎಂದಲ್ಲ. ಆದರೆ ಹುಡುಕಾಟ ಹೊರಗಿನಿಂದ ಒಳಗೆ, ಅಗ್ಗದ್ದರಿಂದ ದುಬಾರಿಯದಕ್ಕೆ ಸಾಗಬೇಕು. ಬೋರ್ಡು ಬರುವುದು ಸಾಲಿನ ಕೊನೆಗೆ.

ನಿಜಕ್ಕೂ ಕಾಯುತ್ತಿಲ್ಲವೇ?

ಟಾಪ್ ಲೋಡ್ ಮಷೀನುಗಳಲ್ಲಿ ಬಹುಪಾಲಿಗೆ ಹೀಟರೇ ಇರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಫ್ರಂಟ್ ಲೋಡ್ ಬಗ್ಗೆ. ಅದರಲ್ಲೂ ಕ್ವಿಕ್ ವಾಶ್ ಇಟ್ಟು ನೀರು ಬಿಸಿಯಾಗಲಿಲ್ಲ ಎಂದು ಕೊರಗುವವರಿದ್ದಾರೆ. ಹದಿನೈದು ನಿಮಿಷದ ಪ್ರೋಗ್ರಾಮಿಗೆ ನೀರು ಕಾಯಿಸಲು ಪುರುಸೊತ್ತೆಲ್ಲಿ? ಕಾಟನ್, 60 ಡಿಗ್ರಿ ಇಟ್ಟು ಪರೀಕ್ಷಿಸಿ. ಹನ್ನೆರಡು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 2000 ವ್ಯಾಟ್ ಹೀಟರಿಗೆ ಲೆಕ್ಕದ ಪ್ರಕಾರ ಹದಿನೈದು ನಿಮಿಷ ಸಾಕು. ಬಟ್ಟೆ, ಡ್ರಮ್ಮು ಎಲ್ಲ ಸ್ವಲ್ಪ ಸ್ವಲ್ಪ ಶಾಖ ನುಂಗುವುದರಿಂದ ಅರ್ಧ ಗಂಟೆ ಬಿಟ್ಟು ಬಾಗಿಲಿನ ಗಾಜು ಮುಟ್ಟಿ. ತಣ್ಣಗಿದ್ದರೆ ತೊಂದರೆ ಇದೆ ಎಂದೇ ಅರ್ಥ.

ಇದಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಕರೆಂಟ್ ಮೀಟರಿನದು. ಗೀಸರ್, ಫ್ರಿಜ್, ಫ್ಯಾನು ಎಲ್ಲ ಆಫ್ ಮಾಡಿ ಮೀಟರಿನ ಕೆಂಪು ದೀಪ ನೋಡಿ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎನ್ನುವುದು ಮೀಟರಿನ ಮುಖದ ಮೇಲೇ ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಹೀಟರ್ ಕೆಲಸ ಮಾಡುವಾಗ ಹತ್ತು ಸೆಕೆಂಡಿಗೆ ಸುಮಾರು 18 ಬಾರಿ ಮಿನುಗಬೇಕು. ಬರೀ ಡ್ರಮ್ಮು ತಿರುಗುತ್ತಿದ್ದರೆ ಎರಡೋ ಮೂರೋ ಅಷ್ಟೆ. ಸ್ಕ್ರೂಡ್ರೈವರ್ ಹಿಡಿಯದೆಯೇ ಅರ್ಧ ಉತ್ತರ ಸಿಕ್ಕಿತು.

ಮಷೀನಿನ ಹೊರಗಡೆ

ಪ್ಲಗ್ ಕಿತ್ತು ಪಿನ್ನುಗಳನ್ನು ಬೆಳಕಿಗೆ ಹಿಡಿಯಿರಿ. ಕಪ್ಪಾಗಿದೆಯೇ, ಪ್ಲಾಸ್ಟಿಕ್ ಕರಗಿದೆಯೇ? 2000 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್. 6 ಆಂಪಿಯರಿನ ಸಾಕೆಟ್ಟಾಗಲಿ, ಟಿ.ವಿ. ಪಕ್ಕದ ಎಕ್ಸ್‌ಟೆನ್ಶನ್ ಬಾಕ್ಸಾಗಲಿ ಇದಕ್ಕಲ್ಲ. 16 ಆಂಪಿಯರಿನ ಸಾಕೆಟ್ಟೇ ಬೇಕು.

ವೋಲ್ಟೇಜ್ ಕುಸಿದರೂ ನೀರು ಕಾಯುವುದು ನಿಧಾನವಾಗುತ್ತದೆ. 230 ಇರಬೇಕಾದದ್ದು 180ಕ್ಕೆ ಇಳಿದರೆ ಹೀಟರಿನ ಶಕ್ತಿ ನೂರಕ್ಕೆ ಅರವತ್ತರಷ್ಟು ಮಾತ್ರ ಉಳಿಯುತ್ತದೆ. ಸಂಜೆ ಹೊತ್ತು ಬಲ್ಬು ಮಂಕಾಗುವ ಊರುಗಳಲ್ಲಿ ಇದನ್ನು ಮರೆಯಬೇಡಿ.

ಇನ್ನೊಂದು, ಯಾರೂ ಊಹಿಸದ ಜಾಗ: ಡ್ರೈನ್ ಪೈಪು. ಅದನ್ನು ನೆಲದ ಮೇಲೆ ಬಿಟ್ಟಿದ್ದರೆ ಅಥವಾ ಮೋರಿಯ ಪೈಪಿನೊಳಗೆ ತೀರಾ ಆಳಕ್ಕೆ ತುರುಕಿದ್ದರೆ, ತುಂಬಿದ ನೀರು ತುಂಬಿದ ಹಾಗೇ ಹೊರಗೆ ಹರಿದುಹೋಗುತ್ತದೆ. ನೀರಿನ ಮಟ್ಟ ಸಾಕಷ್ಟು ಏರದೆ ಮಷೀನು ಹೀಟರಿಗೆ ಕರೆಂಟ್ ಕೊಡುವುದೇ ಇಲ್ಲ. ಪೈಪಿನ ಬಾಗು ಕಂಪನಿಯ ಪುಸ್ತಕದಲ್ಲಿ ಹೇಳಿದ ಎತ್ತರದಲ್ಲಿರಲಿ.

ಒಳಗೆ ಕೈಹಾಕುವುದಾದರೆ

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ, ಕಂಪನಿಯವರನ್ನೇ ಕರೆಯಿರಿ. ಇಲ್ಲದಿದ್ದರೆ ಮೊದಲು ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಕಿತ್ತ ಪ್ಲಗ್ ಕಣ್ಣಿಗೆ ಕಾಣುವಂತಿರಬೇಕು. ಹತ್ತು ನಿಮಿಷ ಕಾಯಿರಿ, ಬೋರ್ಡಿನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟ್ ಇಳಿಯಲಿ. ನಲ್ಲಿ ನಿಲ್ಲಿಸಿ, ಮುಂದೆ ಕೆಳಗಿರುವ ಫಿಲ್ಟರ್ ತೆರೆದು ನೀರೆಲ್ಲ ಬಸಿಯಿರಿ.

ಹೀಟರು ಡ್ರಮ್ಮಿನ ಬುಡದಲ್ಲಿರುತ್ತದೆ. ಕೆಲವು ಮಾಡೆಲುಗಳಲ್ಲಿ ಹಿಂದಿನಿಂದ ಸಿಗುತ್ತದೆ, ಕೆಲವಲ್ಲಿ ಮುಂದಿನಿಂದ. ಎರಡು ದಪ್ಪ ತಂತಿ, ನಡುವೆ ಒಂದು ನಟ್ಟು, ಪಕ್ಕದಲ್ಲಿ ಹಸಿರು-ಹಳದಿ ಅರ್ಥ್ ತಂತಿ: ಇದು ಗುರುತು. ಜತೆಗೇ ಎರಡು ಸಣ್ಣ ತಂತಿ ಹೋಗಿರುವುದು ಶಾಖ ಅಳೆಯುವ ಸೆನ್ಸರಿಗೆ. ಏನನ್ನಾದರೂ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಮಲ್ಟಿಮೀಟರ್ (ವಿದ್ಯುತ್ ತಡೆಯನ್ನು ಓಮ್‌ಗಳಲ್ಲಿ ಅಳೆಯುವ ಸಾಧನ) ಹಿಡಿಯುವ ಮುಂಚೆ ಬರಿಗಣ್ಣಿನಿಂದ ನೋಡಿ. ನಮ್ಮ ಮಷೀನಿನಲ್ಲಿ ಒಂದು ಕ್ಲಿಪ್ಪು ಹಿತ್ತಾಳೆಯ ಬಣ್ಣ ಕಳೆದುಕೊಂಡು ನೀಲಿ-ಕಪ್ಪಾಗಿತ್ತು, ಅದರ ಮೇಲಿನ ಹೊದಿಕೆ ಹಪ್ಪಳದಂತೆ ಮುರಿದು ಕೈಗೆ ಬಂತು. ಸಡಿಲ ಜೋಡಣೆ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಸಡಿಲವಾಗುತ್ತದೆ. ಇಲಿ ಕಡಿದ ತಂತಿಯೂ ಅಪರೂಪವಲ್ಲ. ಮಷೀನಿನ ತಳ ತೆರೆದೇ ಇರುವುದರಿಂದ ಅವಕ್ಕೆ ರಾಜಮಾರ್ಗ.

ಈಗ ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ್ದೇ ಸಾಕು. ಹೀಟರಿನ ಎರಡೂ ತಂತಿ ಕಳಚಿ, 200 ಓಮ್ ರೇಂಜಿನಲ್ಲಿ, ಆ ತಂತಿಗಳು ಕೂತಿದ್ದ ಹೀಟರಿನ ಎರಡು ಕಡ್ಡಿಗಳ ನಡುವೆ ಅಳೆಯಿರಿ. 2000 ವ್ಯಾಟಿನದಾದರೆ ಸುಮಾರು 26 ಓಮ್, 1800ರದಾದರೆ ಸುಮಾರು 29 ಬರಬೇಕು. ಏನೂ ತೋರದಿದ್ದರೆ ಒಳಗಿನ ಕಾಯಿಲ್ಲೋ ಫ್ಯೂಸೋ ಕಡಿದಿದೆ, ಹೀಟರ್ ಬದಲಿಸಬೇಕು.

ಆಮೇಲೆ ಮೀಟರನ್ನು ಮೆಗಾಓಮ್‌ಗೆ ತಿರುಗಿಸಿ, ಒಂದೊಂದೇ ಕಡ್ಡಿ ಮತ್ತು ಅರ್ಥ್ ನಡುವೆ ನೋಡಿ. ಇಲ್ಲಿ ಏನೂ ತೋರಬಾರದು. ತೋರಿದರೆ ಹೀಟರಿನ ಕವಚ ತೂತಾಗಿ ಕರೆಂಟ್ ನೀರಿಗೆ ಸೋರುತ್ತಿದೆ. ಬಿಸಿನೀರಿನ ಪ್ರೋಗ್ರಾಮಿನಲ್ಲಿ ಮಾತ್ರ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತೆಯ ಸ್ವಿಚ್ಚು) ಬೀಳುತ್ತಿದ್ದರೆ ಮೊದಲ ಆರೋಪಿ ಇದೇ. ಈ ಮೀಟರಿಗೆ ಸಿಗದ ಸಣ್ಣ ಸೋರಿಕೆಯನ್ನು ಎಲೆಕ್ಟ್ರಿಷಿಯನ್ನರ ಮೆಗ್ಗರ್ ಹಿಡಿಯುತ್ತದೆ. ‘ಆರ್‌ಸಿಸಿಬಿ ಸೂಕ್ಷ್ಮ, ಬೈಪಾಸ್ ಮಾಡಿಬಿಡೋಣ’ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಮನೆಗಳಲ್ಲಿ ಅದು 30 ಮಿಲಿಆಂಪಿಯರ್ ಸೋರಿದರೂ ಬೀಳುವಂತೆ ಇರುವುದು ಒದ್ದೆ ಕೈಯಲ್ಲಿ ಮಷೀನು ಮುಟ್ಟುವ ಜೀವ ಉಳಿಯಲೆಂದು.

ಹೀಟರ್ ಸರಿಯಿದ್ದರೆ ಸೆನ್ಸರ್. ಎಲ್‌ಜಿಯಲ್ಲಿ ‘ಟಿಇ’ ಎಂಬ ಸಂಕೇತ ಬಂದಿದ್ದರೆ ಅದು ಇತ್ತ ಕಡೆಗೇ ಬೊಟ್ಟು ಮಾಡುವುದು. ಶಾಖ ಏರಿದಂತೆ ಇದರ ಓಮ್ ಇಳಿಯುತ್ತದೆ. ಎಷ್ಟಿರಬೇಕೆಂಬುದು ಕಂಪನಿಗೊಂದು ರೀತಿ, ಹಾಗಾಗಿ ಅಂಕಿ ಬಾಯಿಪಾಠ ಬೇಡ. ಸೆನ್ಸರ್ ತೆಗೆದು ಬಿಸಿನೀರಿನ ಲೋಟದಲ್ಲಿ ಅದ್ದಿ ಮೀಟರ್ ನೋಡಿ. ಅಂಕಿ ಸರಾಗವಾಗಿ ಇಳಿದರೆ ಒಳ್ಳೆಯದು. ಅಲುಗದೆ ನಿಂತರೆ ಅಥವಾ ಜಿಗಿದಾಡಿದರೆ ಹೊಸದು ಹಾಕಿ.

ಇವೆಲ್ಲ ಸರಿ ಇದ್ದೂ ನೀರು ಕಾಯದಿದ್ದರೆ ಆಗ ಬೋರ್ಡು. ಅಲ್ಲಿಯೂ ಹೆಚ್ಚಾಗಿ ಕೆಡುವುದು ಹೀಟರಿಗೆ ಕರೆಂಟ್ ಕೊಡುವ ರಿಲೇ ಎಂಬ ಸ್ವಿಚ್ಚು. ಅದರ ಕಾಲುಗಳ ಸುತ್ತ ಕಂದು ಕಲೆ ಕಾಣುತ್ತದೆ. ಬೆಸುಗೆ ಬಲ್ಲವರು ರಿಲೇ ಒಂದನ್ನೇ ಬದಲಿಸಿಕೊಡುತ್ತಾರೆ. ಇದೇ ರಿಲೇ ಅಂಟಿಕೊಂಡರೆ ತೊಂದರೆ ಉಲ್ಟಾ: ನೀರು ಕುದಿದು ಆವಿ ಬರುತ್ತದೆ. ಆಗ ಮೊದಲು ಕರೆಂಟ್ ಕಟ್ ಮಾಡಿ, ಬಾಗಿಲ ತಂಟೆಗೆ ಹೋಗಬೇಡಿ.

ಸುಣ್ಣದ ಮಾತು

ಹೀಟರಿಗೆ ಸುಣ್ಣ ಕಟ್ಟಿದ್ದರಿಂದ ನೀರು ಕಾಯುತ್ತಿಲ್ಲ ಎನ್ನುವುದು ಅರ್ಧ ಸತ್ಯ. ಸುಣ್ಣದ ಪದರ ಇದ್ದರೂ ಶಾಖ ಕೊನೆಗೆ ನೀರಿಗೇ ಸೇರುತ್ತದೆ. ಆದರೆ ತಡವಾಗಿ ಸೇರುವುದರಿಂದ ಹೀಟರ್ ತಾನೇ ಮಿತಿಮೀರಿ ಕಾದು ಬೇಗ ಸುಡುತ್ತದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಎನ್ನುತ್ತದೆ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ಬೋರ್‌ವೆಲ್, ಟ್ಯಾಂಕರ್ ನೀರು ನಂಬಿದ ಮನೆಗಳವರು ತಮ್ಮ ಗೀಸರ್ ಬಿಚ್ಚಿದಾಗ ಉದುರಿದ ಬಿಳಿ ಚೂರು ನೆನಪಿಸಿಕೊಂಡರೆ ಸಾಕು. ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ನೂರು ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ 40 ಡಿಗ್ರಿಯಲ್ಲಿ ಓಡಿಸಿ. ಅದರ ಜತೆ ಬ್ಲೀಚ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಹೊಸ ಹೀಟರ್ ಹಾಕುವಾಗ

ಹಳೆಯದರ ಮೇಲೆ ಬರೆದ ವ್ಯಾಟ್, ಉದ್ದ, ಸೆನ್ಸರಿನ ತೂತು ಇದೆಯೇ ಇಲ್ಲವೇ ಎಲ್ಲ ಹೊಂದಬೇಕು. ನಡುವಿನ ನಟ್ಟನ್ನು ಪೂರ್ತಿ ಬಿಚ್ಚದೆ ತುದಿಯವರೆಗೆ ಸಡಿಲಿಸಿ, ಮೆಲ್ಲಗೆ ಒಳಕ್ಕೆ ತಟ್ಟಿ. ಉಬ್ಬಿದ ರಬ್ಬರ್ ಕುಗ್ಗುತ್ತದೆ, ಅತ್ತಿತ್ತ ಅಲುಗಿಸಿ ಎಳೆದರೆ ಬರುತ್ತದೆ. ರಬ್ಬರ್ ಕೂರುವ ಜಾಗದ ಸುಣ್ಣ ಒರೆಸಿ, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ ಹೊಸದನ್ನು ಸರಿಸಿ. ಒಳಗೆ ಹೀಟರಿನ ತುದಿ ಹಿಡಿಯುವ ಕೊಂಡಿಯೊಂದು ಇರುತ್ತದೆ. ಅದು ತಪ್ಪಿದರೆ ಹೀಟರ್ ಡ್ರಮ್ಮಿಗೆ ಉಜ್ಜುತ್ತದೆ. ನಟ್ಟು ಬಿಗಿದು, ಅರ್ಥ್ ತಂತಿ ಮರಳಿ ಹಾಕಿ, ಮುಚ್ಚಳ ಮುಚ್ಚಿ, ಆಮೇಲೇ ಪ್ಲಗ್ ಚುಚ್ಚಿ.

ಮಷೀನಿನ ಕೆಳಗೆ ನಿನ್ನೆಯ ಪೇಪರ್ ಹಾಸಿ ಖಾಲಿಯಾಗಿ 60 ಡಿಗ್ರಿಗೆ ಓಡಿಸಿ. ಮೀಟರಿನ ದೀಪ ಪಟಪಟ ಮಿನುಗಿ, ಗಾಜು ಬಿಸಿಯಾಗಿ, ಮುಗಿಯುವ ಹೊತ್ತಿಗೆ ಪೇಪರ್ ಒಣಗೇ ಇದ್ದರೆ ಮಷೀನನ್ನು ಗೋಡೆಗೆ ಸರಿಸಬಹುದು. ಒಂದು ಮೂಲೆ ಒದ್ದೆಯಾಗಿದ್ದರೆ ನಟ್ಟು ಅರ್ಧ ಸುತ್ತು ಬಿಗಿ ಸಾಲದೆ ಹೋಗಿರಬಹುದು.